ತಾಳದಿಂದ ತಂತಿಗೆ: ತರಗತಿಯಲ್ಲಿ ಗಣಿತವನ್ನೂ ಸಂಗೀತವನ್ನೂ ಒಟ್ಟಿಗೆ ಕಲಿಸುವ ಸಮಗ್ರ ಮಾರ್ಗದರ್ಶಿ

ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ, ಡೊಂಬಿವಲಿ–ಠಾಣೆ ಕಡೆಯ ರಜಾದಿನದ ಕನ್ನಡ ತರಗತಿಗಳಲ್ಲಿ ಈ ಪಾಠಕ್ಕೆ ಕೈ ಹಾಕಿದವರು ಹೇಳುವ ತೊಂದರೆ ಹೆಚ್ಚುಕಡಿಮೆ ಒಂದೇ. ಹಾಡು ಚೆನ್ನಾಗಿ ಆಗುತ್ತದೆ, ಗಣಿತ ಮಾತ್ರ ಎಲ್ಲೂ ಕಾಣುವುದಿಲ್ಲ. ಇಲ್ಲವೇ ಹಲಗೆಯ ಮೇಲೆ 3:2 ಎಂದು ಬರೆದ ಕೂಡಲೇ ಮಕ್ಕಳ ಕಿವಿ ಮುಚ್ಚಿಹೋಗುತ್ತದೆ. ಎರಡೂ ಆಗುವುದು ಹಂತಗಳ ಕ್ರಮ ತಪ್ಪಿದಾಗ. ಮೊದಲು ಕೈ, ಆಮೇಲೆ ಕಿವಿ, ಕೊನೆಗೆ ಸಂಖ್ಯೆ. ಕಿವಿಗೆ ಒಂದು ಪ್ರಶ್ನೆ ಹುಟ್ಟಿದ ಮೇಲೆ ಸಂಖ್ಯೆ ಉತ್ತರವಾಗಿ ಬರಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಈ ಪಾಠದಲ್ಲಿ ಲೆಕ್ಕ ತಪ್ಪುವ ಜಾಗಗಳೆಲ್ಲ ಬಹುತೇಕ ಒಂದೇ ತಪ್ಪಿನ ಬೇರೆ ಬೇರೆ ವೇಷ: ಕಂಬ ಎಣಿಸಬೇಕೋ, ಕಂಬಗಳ ನಡುವಿನ ಜಾಗ ಎಣಿಸಬೇಕೋ ಎಂಬ ಗೊಂದಲ. ತಾಳದಲ್ಲಿ, ತಿಹಾಯಿಯಲ್ಲಿ, ಅಳತೆಪಟ್ಟಿಯಲ್ಲಿ, ಹಾರ್ಮೋನಿಯಂ ಕೀಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಮೊದಲ ಹಂತದಲ್ಲೇ ಗಟ್ಟಿ ಮಾಡಿಕೊಳ್ಳಿ.

1 ಮತ್ತು 2ನೇ ಹಂತ ಐದು–ಆರನೇ ತರಗತಿಗೆ ಸಾಕು. 3 ಮತ್ತು 4 ಏಳು–ಎಂಟಕ್ಕೆ, 5 ಎಂಟಕ್ಕೆ, 6 ಒಂಬತ್ತು–ಹತ್ತಕ್ಕೆ. ದೊಡ್ಡ ತರಗತಿಯವರಾದರೂ ಮೊದಲ ಹಂತ ಬಿಡಬೇಡಿ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

## ಬೇಕಾದ ಸಾಮಾನು

ತಾಳದ ಹಂತಗಳಿಗೆ ಚೌಕುಳಿ ಪುಸ್ತಕ, ಎರಡು ಬಣ್ಣದ ಪೆನ್ಸಿಲ್, ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು.

ತಂತಿಯ ಹಂತಕ್ಕೆ 75 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಗಟ್ಟಿ ಮರದ ಹಲಗೆ, ಒಂದು ಸ್ಕ್ರೂ, ಗಿಟಾರಿನ ಒಂದನೇ ತಂತಿ (ಸುತ್ತಿಲ್ಲದ ಉಕ್ಕಿನದು, 0.010 ಇಂಚು ದಪ್ಪ), 1 ಸೆಂ.ಮೀ. ಎತ್ತರದ ಎರಡು ಮರದ ಕುದುರೆ (ತಂತಿಯನ್ನು ಎತ್ತಿ ಹಿಡಿಯುವ ತುಂಡು), ಜರುಗಿಸಲು ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಎತ್ತರದ ಮೂರನೆಯ ಕುದುರೆ, 5 ಲೀಟರಿನ ಖಾಲಿ ಎಣ್ಣೆ ಕ್ಯಾನ್, ಸರಿಯಾಗಿ 60 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ಬಿಳಿ ಕಾಗದದ ಪಟ್ಟಿಗಳು. ತಂತಿ ದಾದರ್ ಅಥವಾ ಧೋಬಿ ತಲಾವ್ ಕಡೆಯ ವಾದ್ಯದಂಗಡಿಗಳಲ್ಲಿ ಸಿಗುತ್ತದೆ. ಒಂದಲ್ಲ, ಮೂರು ತನ್ನಿ, ಒಂದು ತುಂಡಾಗಿಯೇ ಆಗುತ್ತದೆ. ಫೋನಿನಲ್ಲಿ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ತೋರಿಸುವ ಶ್ರುತಿ ಆ್ಯಪ್ ಇರಲಿ.

## ಹಂತ 1: ಚರ್ಚ್‌ಗೇಟಿನಿಂದ ದಾದರ್‌ಗೆ ಆದಿತಾಳ

ಸ್ಲೋ ಲೋಕಲ್ ಚರ್ಚ್‌ಗೇಟಿನಿಂದ ದಾದರ್‌ವರೆಗೆ ನಿಲ್ಲುವ ಸ್ಟೇಷನ್‌ಗಳನ್ನು ಮಕ್ಕಳಿಂದಲೇ ಹೇಳಿಸಿ: ಚರ್ಚ್‌ಗೇಟ್, ಮರೀನ್ ಲೈನ್ಸ್, ಚರ್ನಿ ರೋಡ್, ಗ್ರಾಂಟ್ ರೋಡ್, ಮುಂಬಯಿ ಸೆಂಟ್ರಲ್, ಮಹಾಲಕ್ಷ್ಮಿ, ಲೋಅರ್ ಪರೇಲ್, ಪ್ರಭಾದೇವಿ, ದಾದರ್. ಹೆಸರು ಒಂಬತ್ತು. ಗಾಡಿ ಓಡಿದ್ದು ಎಷ್ಟು ಸಲ? ಎಂಟು.

ಈಗ ಅದೇ ಹೆಸರುಗಳಿಗೆ ಆದಿತಾಳ ಹಾಕಿಸಿ. ಚರ್ಚ್‌ಗೇಟ್‌ಗೆ ಚಪ್ಪಾಳೆ, ಮುಂದಿನ ಮೂರಕ್ಕೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಮುಂಬಯಿ ಸೆಂಟ್ರಲ್‌ಗೆ ಚಪ್ಪಾಳೆ, ಮಹಾಲಕ್ಷ್ಮಿಗೆ ಕೈ ತಿರುವು, ಲೋಅರ್ ಪರೇಲ್‌ಗೆ ಚಪ್ಪಾಳೆ, ಪ್ರಭಾದೇವಿಗೆ ತಿರುವು. 4 + 2 + 2. ದಾದರ್ ಎನ್ನುವಾಗ ಕೈ ತಾನಾಗಿ ಮುಂದಿನ ಆವರ್ತದ, ಅಂದರೆ ತಾಳದ ಮುಂದಿನ ಸುತ್ತಿನ, ಮೊದಲ ಚಪ್ಪಾಳೆಗೆ ಬಂದಿರುತ್ತದೆ. ಅಂದರೆ ಒಂಬತ್ತನೆಯದು ಈ ಆವರ್ತದ್ದಲ್ಲ. ಇದನ್ನು ಬಾಯಲ್ಲಿ ವಿವರಿಸಬೇಡಿ, ಮೂರು ಸಲ ಹಾಕಿಸಿ, ಮಕ್ಕಳೇ ಹೇಳಲಿ.

ಗಡಿಯಾರದ ಸೆಕೆಂಡಿಗೆ ಒಂದು ಎಣಿಕೆ ಇರಲಿ. ಎಂಟು ಆವರ್ತಕ್ಕೆ 64 ಸೆಕೆಂಡ್ ಆಗಬೇಕು. ಐವತ್ತರ ಸುಮಾರಿಗೇ ಮುಗಿದರೆ ಲಯ ಓಡಿದೆ ಎಂದರ್ಥ. ನಲವತ್ತು ಮಕ್ಕಳ ತರಗತಿಯಲ್ಲಿ ಇದು ಆಗೇ ಆಗುತ್ತದೆ, ಗದರಬೇಡಿ. ಚಪ್ಪಾಳೆಯ ಬದಲು ಎರಡು ಬೆರಳಿಂದ ಅಂಗೈಗೆ ತಟ್ಟಿಸಿ, ಸದ್ದು ಕಡಿಮೆಯಾದರೆ ಓಟವೂ ಕಡಿಮೆಯಾಗುತ್ತದೆ. ಲಯ ಓಡುತ್ತಿರುವಾಗ ಮುಂದಿನ ಹಂತಕ್ಕೆ ಹೋದರೆ ಅಲ್ಲಿ ಏನೂ ಕೂಡುವುದಿಲ್ಲ.

## ಹಂತ 2: ಎರಡು ತಾಳ ಎಲ್ಲಿ ಕೂಡುತ್ತವೆ

ತರಗತಿಯನ್ನು ಎರಡು ಪಾಲು ಮಾಡಿ ಎದುರುಬದುರು ಗೋಡೆಗೆ ಕೂರಿಸಿ. ಒಂದು ಪಾಲು 6 ಎಣಿಕೆಯ ರೂಪಕ, ಇನ್ನೊಂದು 8ರ ಆದಿ. ಆವರ್ತದ ಮೊದಲ ಎಣಿಕೆಗೆ ಮಾತ್ರ ಚಪ್ಪಾಳೆ, ಉಳಿದದ್ದು ಮನಸ್ಸಿನಲ್ಲಿ. ನೀವು ಮೇಜಿನ ಮೇಲೆ ತಟ್ಟುತ್ತಾ ಲಯ ಕೊಡಿ. ಇಬ್ಬರು ಮಕ್ಕಳು ಚೌಕುಳಿ ಹಾಳೆಯಲ್ಲಿ ಎರಡು ಬಣ್ಣದಿಂದ ಗುರುತು ಹಾಕಲಿ.

6 ಮತ್ತು 8ನ್ನೇ ಆರಿಸಲು ಕಾರಣವಿದೆ. ಬಹಳ ಜನ 3 ಮತ್ತು 4ರಿಂದ ಶುರುಮಾಡುತ್ತಾರೆ, ಉತ್ತರ 12. ಆಗ ಮಕ್ಕಳು ‘ಎರಡನ್ನೂ ಗುಣಿಸಿದರೆ ಆಯಿತು’ ಎಂದುಕೊಳ್ಳುತ್ತಾರೆ, ಆಮೇಲೆ ಅದನ್ನು ಕೀಳಲು ಒಂದು ವಾರ ಬೇಕು. 6 ಮತ್ತು 8 ಕೂಡುವುದು 48ಕ್ಕಲ್ಲ, 24ಕ್ಕೇ. ರೂಪಕ ನಾಲ್ಕು ಸುತ್ತು, ಆದಿ ಮೂರು ಸುತ್ತು. ಕಿವಿಯೇ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಹೇಳಿಕೊಟ್ಟಿತು. ಆಮೇಲೆ 5 ಮತ್ತು 7, ಕೊನೆಗೆ 7 ಮತ್ತು 8 ಮಾಡಿಸಿ. ಇಲ್ಲಿ ಗುಣಲಬ್ಧವೇ ಏಕೆ ಉತ್ತರ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ಹೆಚ್ಚಿನ ತರಗತಿಗಳು ಎಡವುವುದು ಇಲ್ಲಿ: ಹಲಗೆಯ ಮೇಲೆ ‘24’ ಎಂದು ಬರೆದಿದೆ, ಆದರೆ ಎರಡು ಚಪ್ಪಾಳೆ ಒಟ್ಟಿಗೆ ಕೇಳಿದ್ದು 25ನೇ ಎಣಿಕೆಗೆ. ಮಗು ತನ್ನ ಕಿವಿಯನ್ನು ನಂಬಬೇಕೋ ಹಲಗೆಯನ್ನೋ? ದಾದರ್ ನೆನಪಿಸಿ. 24 ಎಂಬುದು ನಡುವಿನ ಜಾಗಗಳ ಲೆಕ್ಕ, 25 ಕಂಬದ ಹೆಸರು. ಹಾಳೆಯಲ್ಲಿ 1, 25, 49ಕ್ಕೆ ಎರಡೂ ಬಣ್ಣ ಬಿದ್ದಿದೆಯೇ ನೋಡಿ. 24, 48ಕ್ಕೆ ಬಿದ್ದಿದ್ದರೆ ಗುರುತು ಹಾಕಿದವರು ಸೊನ್ನೆಯಿಂದ ಎಣಿಸಿದ್ದಾರೆ. ಅದು ತಪ್ಪಲ್ಲ, ಆದರೆ ಇಡೀ ತರಗತಿ ಒಂದೇ ರೀತಿ ಎಣಿಸಲಿ.

## ಹಂತ 3: ತಿಹಾಯಿಯ ಸಮೀಕರಣ

ಒಂದೇ ಪದಗುಚ್ಛವನ್ನು ಮೂರು ಸಲ ಹೇಳಿ, ಕೊನೆಯ ಅಕ್ಷರ ಸರಿಯಾಗಿ ಸಮಕ್ಕೆ, ಅಂದರೆ ಆವರ್ತದ ಮೊದಲ ಎಣಿಕೆಗೆ, ಬೀಳಿಸುವುದು ತಿಹಾಯಿ. ತಬಲಾ ಕಲಿಯುವ ಮಗು ತರಗತಿಯಲ್ಲಿ ಒಬ್ಬರಾದರೂ ಇರುತ್ತಾರೆ, ಅವರನ್ನು ಮುಂದೆ ಕೂರಿಸಿ.

16 ಎಣಿಕೆಯ ಆವರ್ತ ಹಿಡಿಯಿರಿ. ತೀನ್‌ತಾಲ ಎನ್ನಿ, ಆದಿಯ ಎರಡು ಆವರ್ತ ಎನ್ನಿ. ಪದಗುಚ್ಛ ‘ತ ದಿ ಗಿ ಣ ತೊಂ’, 5 ಎಣಿಕೆ. ಒಂದು ಎಣಿಕೆ ಬಿಡುವು. 5 + 1 + 5 + 1 + 5 = 17. ಸಮದಿಂದ ಶುರುಮಾಡಿದರೆ ಕೊನೆಯ ‘ತೊಂ’ 17ನೇ ಎಣಿಕೆಗೆ, ಅಂದರೆ ಮುಂದಿನ ಸಮಕ್ಕೆ ಬೀಳುತ್ತದೆ. ನಿಧಾನವಾಗಿ ಆಡಿಸಿ, ಬಿದ್ದ ಕ್ಷಣ ತರಗತಿಯ ಮುಖ ನೋಡಿ.

ಈಗ ಬಿಡುವು ತೆಗೆದುಹಾಕಿ. ಒಟ್ಟು 15. ಎಲ್ಲಿಂದ ಶುರುಮಾಡಬೇಕು? ಮುಕ್ಕಾಲು ಪಾಲು ಮಕ್ಕಳು 2ನೇ ಎಣಿಕೆ ಎನ್ನುತ್ತಾರೆ. ಹಾಗೆ ಮಾಡಿದರೆ ತೊಂ 16ಕ್ಕೇ ಮುಗಿದು ಸಮ ಖಾಲಿ ಬೀಳುತ್ತದೆ. ತಿದ್ದಬೇಡಿ, ಆಡಿಸಿ, ಅವರಿಗೇ ಕೇಳಲಿ. ಸರಿ ಲೆಕ್ಕ: 17 − 15 + 1 = 3. ಆ ‘+ 1’ ಎಲ್ಲಿಂದ ಬಂತು ಎಂದು ಬಾಯಿಬಿಟ್ಟು ಹೇಳಿಸದೆ ಮುಂದೆ ಹೋಗಬೇಡಿ.

ಏಳು–ಎಂಟನೆಯವರಿಗೆ ಇದೇ ಬೀಜಗಣಿತ. ಪದಗುಚ್ಛ ಪ, ಬಿಡುವು ವಿ ಎಂದಿಟ್ಟರೆ ಸಮದಿಂದ ಸಮಕ್ಕೆ ಬರಲು 3ಪ + 2ವಿ = 17. ಪೂರ್ಣಾಂಕದ ಬಿಡುವು ಇರುವಂತೆ ಮೂರೇ ಉತ್ತರ: ಪ 1 ಆದರೆ ವಿ 7, ಪ 3 ಆದರೆ ವಿ 4, ಪ 5 ಆದರೆ ವಿ 1. ಮೂರನ್ನೂ ತಟ್ಟಿಸಿ. ಪ 4 ಏಕೆ ಆಗದು? 12ಕ್ಕೆ 2ರ ಯಾವ ಗುಣಕ ಸೇರಿಸಿದರೂ 17 ಬರದು. ಬಿಡುವು ಎರಡೂವರೆ ಎಣಿಕೆಯಾದರೆ ಬರುತ್ತದೆ, ತಬಲಾದವರು ಅದನ್ನೂ ಬಾರಿಸಿ ತೋರಿಸುತ್ತಾರೆ.

ಒಂದು ಎಚ್ಚರ. ‘ಸಮ’ ಎಂದರೆ ಸಂಗೀತದಲ್ಲಿ ಮೊದಲ ಎಣಿಕೆ, ಗಣಿತದಲ್ಲಿ ಎರಡರಿಂದ ಭಾಗವಾಗುವ ಸಂಖ್ಯೆ. ಈ ಹಂತದಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ಗಣಿತದ್ದನ್ನು ಯಾವಾಗಲೂ ‘ಸಮಸಂಖ್ಯೆ’ ಎಂದು ಪೂರ್ತಿ ಹೇಳಿ.

## ಹಂತ 4: ಲಘು ಗುರು ಹಾಕಿದರೆ ಎಷ್ಟು ಬಗೆ

ಇಲ್ಲಿ ಕನ್ನಡ ಪಾಠದ ಛಂದಸ್ಸು ಕೈಗೆ ಬರುತ್ತದೆ. ಲಘುವಿಗೆ ಚಿಟಿಕೆ, 1 ಮಾತ್ರೆ. ಗುರುವಿಗೆ ಚಪ್ಪಾಳೆ ಹೊಡೆದು ಕೈ ಕೂಡಿಸಿಯೇ ಹಿಡಿಯುವುದು, 2 ಮಾತ್ರೆ. ಶುರುವಿನಲ್ಲೇ ಹೇಳಿ: ತಾಳದ ಲಘುವಿಗೆ ಆದಿಯಲ್ಲಿ ನಾಲ್ಕು ಎಣಿಕೆ, ಛಂದಸ್ಸಿನ ಲಘುವಿಗೆ ಒಂದೇ ಮಾತ್ರೆ, ಹೆಸರೊಂದೇ. ಗಣಿತದ ‘ಗಣ’ವೂ ಛಂದಸ್ಸಿನ ‘ಗಣ’ವೂ ಹಾಗೆಯೇ ಬೇರೆ.

1 ಮಾತ್ರೆಗೆ ಒಂದೇ ಬಗೆ. 2ಕ್ಕೆ ಎರಡು. 3ಕ್ಕೆ ಮೂರು: ‘ಕನಕ’, ‘ರಾಮ’, ‘ರಮಾ’. 4ಕ್ಕೆ ಎಷ್ಟು ಎಂದು ಕೇಳಿ, ತರಗತಿ ಒಂದೇ ದನಿಯಲ್ಲಿ ‘ನಾಲ್ಕು’ ಎನ್ನುತ್ತದೆ. ಹೌದು ಎನ್ನಬೇಡಿ, ಅಲ್ಲ ಎನ್ನಲೂಬೇಡಿ. ಪದ ಹುಡುಕಲು ಬಿಡಿ: ‘ಸೀತಾ’, ‘ಮಾಧವ’, ‘ಮಹೇಶ’, ‘ಕಮಲಾ’, ‘ಕರಿಮಣಿ’. ಐದು. ಹಾಗಾದರೆ 5 ಮಾತ್ರೆಗೆ? ಎಂಟು. ಆಮೇಲೆ ಹದಿಮೂರು.

ಕಾರಣವನ್ನು ಕೈಯಿಂದಲೇ ತೋರಿಸಬಹುದು. 5 ಮಾತ್ರೆಯ ಯಾವ ಬಗೆಯಾದರೂ ಕೊನೆಗೊಳ್ಳುವುದು ಚಿಟಿಕೆಯಲ್ಲಿ ಅಥವಾ ಚಪ್ಪಾಳೆಯಲ್ಲಿ. ಚಿಟಿಕೆಯಾದರೆ ಅದರ ಹಿಂದೆ 4 ಮಾತ್ರೆ ಇದೆ, ಐದು ಬಗೆ. ಚಪ್ಪಾಳೆಯಾದರೆ ಹಿಂದೆ 3 ಮಾತ್ರೆ, ಮೂರು ಬಗೆ. 5 + 3 = 8. ಫಿಬೊನಾಚಿಯ ಹೆಸರಿನಲ್ಲಿ ಪುಸ್ತಕದಲ್ಲಿ ಬರುವ ಸಾಲು ಇದೇ. ನಮ್ಮ ಛಂದಸ್ಸಿನವರು, ಹೇಮಚಂದ್ರ ಮೊದಲಾದವರು, ಅವನಿಗಿಂತ ಮುಂಚೆಯೇ ಮಾತ್ರೆ ಎಣಿಸುತ್ತ ಇದನ್ನು ಕಂಡುಕೊಂಡಿದ್ದರು.

ಎಂಟನೆಯವರನ್ನು ಭಾಮಿನಿ ಷಟ್ಪದಿಯವರೆಗೆ ಕರೆದೊಯ್ಯಿರಿ. ಮೊದಲ ಸಾಲು 3 + 4 + 3 + 4, ಹದಿನಾಲ್ಕು ಮಾತ್ರೆ. 7 ಎಣಿಕೆಯ ಮಿಶ್ರಛಾಪು ತಾಳ ಹಾಕಿದರೆ ಸರಿಯಾಗಿ ಎರಡು ಆವರ್ತ. ಈ ಸಾಲನ್ನು ಎಷ್ಟು ಬಗೆಯಲ್ಲಿ ತುಂಬಬಹುದು? 3 × 5 × 3 × 5 = 225. ಆದರೆ ಷಟ್ಪದಿಯಲ್ಲಿ ಲಘುವಿನ ಮೇಲೆ ಗುರು ಬಂದು ಶುರುವಾಗುವ ಗಣ ಸಲ್ಲದು. ‘ರಮಾ’, ‘ಮಹೇಶ’ ಎರಡನ್ನೂ ತೆಗೆದರೆ 2 × 4 × 2 × 4 = 64. ನಿಯಮವೊಂದು ಆಯ್ಕೆಯನ್ನು ಎಷ್ಟು ಕುಗ್ಗಿಸುತ್ತದೆ ಎಂಬುದು ಇಷ್ಟು ಚೆನ್ನಾಗಿ ಕಾಣುವ ಲೆಕ್ಕ ಎಣಿಕೆಯ ಪಾಠದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ.

ಮುಂಬಯಿಯ ಮಕ್ಕಳಲ್ಲಿ ಮಾತ್ರೆ ತಪ್ಪಲು ಒಂದು ವಿಶೇಷ ಕಾರಣವಿದೆ. ದಿನವಿಡೀ ಮರಾಠಿ, ಹಿಂದಿ ಆಡುವ ನಾಲಗೆ ಕೊನೆಯ ಅಕಾರ ನುಂಗುತ್ತದೆ. ‘ರಾಮ’ ಎಂದು ಬರೆದು ‘ರಾಮ್’ ಎಂದು ಓದಿದರೆ ಮೂರು ಮಾತ್ರೆ ಉಳಿಯುವುದಿಲ್ಲ. ಲೆಕ್ಕ ತಪ್ಪಿದ ಗುಂಪಿಗೆ ಪದವನ್ನು ಮೊದಲು ಗಟ್ಟಿಯಾಗಿ ಓದಲು ಹೇಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬುದನ್ನು ‘ಪುಸ್ತಕ’ ಹೇಳಿಸಿ ನೆನಪಿಸಿ: ನಾಲ್ಕು ಮಾತ್ರೆ, ಮೂರಲ್ಲ.

## ಹಂತ 5: 60 ಸೆಂ.ಮೀ. ತಂತಿ

ಎರಡು ಪೀರಿಯಡ್ ಬೇಕು. ಒಂದರಲ್ಲಿ ಮುಗಿಸಲು ಹೋದರೆ ಅಳತೆ ಹಾಳಾಗುತ್ತದೆ.

ಕಟ್ಟುವುದು. ಹಲಗೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಇಡಿ. ತಂತಿಯ ಗುಂಡು ಇರುವ ತುದಿಯನ್ನು ಸ್ಕ್ರೂಗೆ ಸಿಕ್ಕಿಸಿ, ಇನ್ನೊಂದು ತುದಿ ಅಂಚಿನಿಂದ ಕೆಳಗಿಳಿಯಲಿ. ಉಕ್ಕಿನ ತಂತಿಗೆ ಗಂಟು ನಿಲ್ಲುವುದಿಲ್ಲ, ಕ್ಯಾನಿನ ಹಿಡಿಗೆ ಸುತ್ತಿ ತನ್ನ ಮೇಲೇ ಏಳೆಂಟು ಸುತ್ತು ಹೊಸೆಯಿರಿ. ಎರಡು ಕುದುರೆಗಳ ನಡುವೆ ಸರಿಯಾಗಿ 60 ಸೆಂ.ಮೀ. ಈಗ ಕ್ಯಾನಿಗೆ ನೀರು ಹಾಕುತ್ತ ಬನ್ನಿ. ಸುಮಾರು 3.4 ಕೆ.ಜಿ. ಆದಾಗ ತಂತಿ 240 ಹರ್ಟ್ಸ್ ಹತ್ತಿರ ಬರುತ್ತದೆ. ಅಂಚಿನ ಮೇಲೆ ತಂತಿ ಕಚ್ಚುತ್ತದೆ, ಅಲ್ಲಿ ನಯವಾದ ಚಮಚದ ಬೆನ್ನು ಇಡಿ. ನೀರು ಹಾಕಿದ ಪ್ರತಿ ಸಲವೂ ಕ್ಯಾನನ್ನು ಒಮ್ಮೆ ಎತ್ತಿ ಮೆಲ್ಲಗೆ ಬಿಡಿ. ಆ್ಯಪ್ 480 ತೋರಿಸಿದರೆ ಗಾಬರಿ ಬೇಡ, ಅದು ಮೇಲಿನ ಸ್ಥಾಯಿಗೆ, ಅಂದರೆ ಎರಡು ಪಟ್ಟು ಹರ್ಟ್ಸ್‌ನ ಅದೇ ಸ್ವರಕ್ಕೆ, ಜಾರಿದೆ. ತಂತಿಯ ನಡುಭಾಗದಲ್ಲಿ ಮೆಲ್ಲಗೆ ಮೀಟಿ, ಫ್ಯಾನ್ ಆರಿಸಿ, ಫೋನನ್ನು ಹತ್ತು ಸೆಂ.ಮೀ. ದೂರದಲ್ಲಿಡಿ.

ತಿರುಪು ಬಿಗಿಯುವ ಬದಲು ನೀರು ತೂಗಿಹಾಕುವುದೇಕೆ? ಕುದುರೆ ಜರುಗಿಸುವಾಗ ತಂತಿ ಸ್ವಲ್ಪ ಮೇಲೇಳುತ್ತದೆ. ಎರಡೂ ತುದಿ ಬಿಗಿದಿದ್ದರೆ ಎಳೆತ ಹೆಚ್ಚಿ ಸ್ವರ ಏರುತ್ತದೆ, ಅನುಪಾತ ಕೆಡುತ್ತದೆ. ತೂಗುವ ತೂಕ ಬದಲಾಗದು. ‘ಪಂಚಮ (ಪ) 40 ಸೆಂ.ಮೀ.ಗೆ ಬರುವುದೇ ಇಲ್ಲ, 41ಕ್ಕೆ ಬರುತ್ತದೆ’ ಎನ್ನುವವರು ಮೊದಲು ಮೂರನೆಯ ಕುದುರೆಯ ಎತ್ತರ ನೋಡಿ, ಅದು ಎತ್ತರವಾಗಿರುತ್ತದೆ.

ತಂತಿಯ ನೇರಕ್ಕೆ ಮುಖ ತರಬಾರದು. ಕ್ಯಾನಿನ ಕೆಳಗೆ ಕಾಲು ಇಡಬಾರದು, ಹಳೆಯ ಚೀಲವೊಂದನ್ನು ಹಾಸಿ.

ಕಿವಿಯಿಂದ ಹುಡುಕುವುದು. ತಂತಿಯ ಕೆಳಗೆ 60 ಸೆಂ.ಮೀ. ಬಿಳಿ ಪಟ್ಟಿ ಅಂಟಿಸಿ. ಅಳತೆಪಟ್ಟಿ ಈ ಹೊತ್ತಿನಲ್ಲಿ ಯಾರ ಕೈಯಲ್ಲೂ ಇರಬಾರದು. ಸಂಖ್ಯೆ ಕಂಡರೆ ಕಿವಿ ಕೇಳುವುದನ್ನು ನಿಲ್ಲಿಸಿ ಸಂಖ್ಯೆಗೆ ಹೂಂಗುಟ್ಟುತ್ತದೆ. ಹಾಡಬಲ್ಲ ಮಗು ಸ ಹಿಡಿದು ಮೇಲಿನ ಸ ಹಾಡಲಿ, ಇನ್ನೊಬ್ಬರು ಕುದುರೆ ಜರುಗಿಸಿ ಸೇರಿಸಲಿ, ಪೆನ್ಸಿಲ್ ಗುರುತು ಹಾಕಲಿ. ಆಮೇಲೆ ಪ, ಆಮೇಲೆ ಮ, ಕೊನೆಗೆ ಗ. ಈ ಕ್ರಮ ಬದಲಿಸಬೇಡಿ, ಕಿವಿಗೆ ಸುಲಭವಾದದ್ದರಿಂದ ಕಷ್ಟದ್ದಕ್ಕೆ ಹೋಗುತ್ತದೆ.

ಯಾವ ಬದಿ ಮೀಟಬೇಕು ಎಂಬುದನ್ನು ಬಾಣದ ಗುರುತಿನಿಂದ ತೋರಿಸಿ. ಕುದುರೆ 40ರಲ್ಲಿದ್ದಾಗ 40ರ ಬದಿ ಪಂಚಮ, 20ರ ಬದಿ ಮೀಟಿದರೆ ಮೇಲಿನ ಸ್ಥಾಯಿಯ ಪಂಚಮ. ಎರಡೂ ಪ ಆದ್ದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ಮ ಹುಡುಕುವಾಗ ಚಿಕ್ಕ ಬದಿ ಮೀಟಿದರೆ ಸಿಗುವುದು 15 ಸೆಂ.ಮೀ., ಎರಡು ಸ್ಥಾಯಿ ಮೇಲಿನ ಸ. ಆಗ ‘ಮ ಎಲ್ಲಿದೆ?’ ಎಂದು ತರಗತಿ ಕಂಗಾಲಾಗುತ್ತದೆ.

ಮಡಚುವುದು. ಎರಡನೇ ಪೀರಿಯಡ್‌ನಲ್ಲಿ ಪಟ್ಟಿ ಬಿಚ್ಚಿ, ಅಳೆಯುವ ಮೊದಲು ಮಡಚಿಸಿ. ಎರಡು ಮಡಿಕೆಗೆ ಗೆರೆ ಮೇಲಿನ ಸ ಗುರುತಿನ ಮೇಲೆ ಬೀಳುತ್ತದೆ. ಮೂರು ಮಡಿಕೆಯ ಗೆರೆ ಪಂಚಮದ ಮೇಲೆ, ನಾಲ್ಕು ಮಡಿಕೆಯದು ಮಧ್ಯಮದ ಮೇಲೆ, ಐದರದು ಗಾಂಧಾರದ ಮೇಲೆ. ಕಿವಿ ಹಾಕಿದ ಗುರುತಿನ ಮೇಲೆ ಭಿನ್ನರಾಶಿಯ ಗೆರೆ ಬಂದು ಕೂರುವುದನ್ನು ಮಗು ತನ್ನ ಕೈಯಲ್ಲೇ ಕಾಣುವ ಈ ಗಳಿಗೆಯನ್ನು ಅವಸರಪಡಿಸಬೇಡಿ. 3–4 ಮಿ.ಮೀ. ಆಚೀಚೆ ಆದರೆ ಅದು ಒಳ್ಳೆಯ ಫಲಿತಾಂಶ. ಗುರುತುಗಳು ಒಂದು ಮಿ.ಮೀ. ಕೂಡ ತಪ್ಪದೆ ಕೂತರೆ ಯಾರೋ ಅಳತೆಪಟ್ಟಿ ಬಳಸಿದ್ದಾರೆ.

ಅಳೆಯುವುದು. ಈಗ ಅಳತೆಪಟ್ಟಿ ಕೊಡಿ. ಪ್ಲಾಸ್ಟಿಕ್ ಪಟ್ಟಿಯ ತುದಿಗೂ ಸೊನ್ನೆಗೂ ನಡುವೆ ಅರ್ಧ ಸೆಂ.ಮೀ.ವರೆಗೆ ಖಾಲಿ ಜಾಗವಿರುತ್ತದೆ, ಸೊನ್ನೆಯ ಗೆರೆಯನ್ನೇ ಕುದುರೆಯ ನೆತ್ತಿಗೆ ಹಿಡಿಯಬೇಕು. ಶಂಕರಾಭರಣ ರಾಗದ, ಹಿಂದೂಸ್ತಾನಿಯವರಿಗೆ ಬಿಲಾವಲ್‌ನ, ಸ್ವರಗಳು ಹೀಗೆ ಬರಬೇಕು:

ಸ: 60 ಸೆಂ.ಮೀ., 240 ಹರ್ಟ್ಸ್
ರಿ: 53.3 ಸೆಂ.ಮೀ., 270 ಹರ್ಟ್ಸ್
ಗ: 48 ಸೆಂ.ಮೀ., 300 ಹರ್ಟ್ಸ್
ಮ: 45 ಸೆಂ.ಮೀ., 320 ಹರ್ಟ್ಸ್
ಪ: 40 ಸೆಂ.ಮೀ., 360 ಹರ್ಟ್ಸ್
ದ: 36 ಸೆಂ.ಮೀ., 400 ಹರ್ಟ್ಸ್
ನಿ: 32 ಸೆಂ.ಮೀ., 450 ಹರ್ಟ್ಸ್
ಸ: 30 ಸೆಂ.ಮೀ., 480 ಹರ್ಟ್ಸ್

ಪ್ರತಿ ಸಾಲಿನ ಎರಡು ಸಂಖ್ಯೆ ಗುಣಿಸಿ. ಎಲ್ಲೆಲ್ಲೂ 14,400 (ರಿಯಲ್ಲಿ 53.3ರ ಬದಲು 160ರ ಮೂರನೇ ಒಂದು ಹಿಡಿಯಿರಿ). ಎಂಟನೆಯ ತರಗತಿಯ ವಿಲೋಮಾನುಪಾತ ಇದೇ. ಹಲಗೆಯ ಮೇಲೆ ಈ ಪಟ್ಟಿಯನ್ನು ಮೊದಲೇ ಬರೆದಿಟ್ಟರೆ ಪಾಠವೇ ಮುಗಿದಂತೆ. ಮಕ್ಕಳ ಅಳತೆಗಳನ್ನು ಬರೆದು, ಅವರ ಗುಣಲಬ್ಧಗಳು 14,100 ಎಂದೋ 14,600 ಎಂದೋ ಬಂದಾಗ ಏಕೆ ಎಂದು ಮಾತಾಡಿ. 60 ಸೆಂ.ಮೀ. ಆರಿಸಿದ ಕಾರಣವೂ ಈಗ ತಿಳಿಯುತ್ತದೆ, 60ಕ್ಕೆ 2, 3, 4, 5 ಎಲ್ಲದರಿಂದಲೂ ಭಾಗ ಹೋಗುತ್ತದೆ.

## ಹಂತ 6: ಕೂಡುವುದೋ, ಗುಣಿಸುವುದೋ

ಹಾರ್ಮೋನಿಯಂ ತನ್ನಿ. ಸ ಇಂದ ಮೇಲಿನ ಸ ವರೆಗೆ ಕೀಗಳನ್ನು ಎಣಿಸಿದರೆ 13, ಹೆಜ್ಜೆಗಳು 12. ಮತ್ತೆ ದಾದರ್. ಹದಿಮೂರರಿಂದ ಭಾಗಿಸಿದ ಗುಂಪು ಎಲ್ಲ ಸ್ವರವನ್ನೂ ತಪ್ಪಿಸುತ್ತದೆ.

ಹತ್ತನೆಯವರು ಸಮಾಂತರ ಶ್ರೇಢಿ ಕಲಿತಿರುತ್ತಾರೆ. 240ರಿಂದ 480ಕ್ಕೆ 12 ಹೆಜ್ಜೆ ಎಂದರೆ ಹೆಜ್ಜೆಗೆ 20 ಎನ್ನುತ್ತಾರೆ. ಏಳನೇ ಹೆಜ್ಜೆ ಪಂಚಮ, 380. ಕುದುರೆಯನ್ನು 37.9 ಸೆಂ.ಮೀ.ಗೆ ಇಟ್ಟು ಮೀಟಿ ಕೇಳಿಸಿ. ಪಂಚಮವಲ್ಲ ಎಂದು ಹಾಡದ ಮಗುವಿಗೂ ಗೊತ್ತಾಗುತ್ತದೆ. ಆಗ ಹೆಜ್ಜೆಯನ್ನು ಕೂಡಬಾರದು, ಗುಣಿಸಬೇಕು ಎಂದು ಹೇಳಿ: ಹನ್ನೆರಡು ಸಲ ಗುಣಿಸಿದರೆ 2 ಆಗುವ ಸಂಖ್ಯೆ ಯಾವುದು? ಕ್ಯಾಲ್ಕುಲೇಟರ್‌ನಲ್ಲಿ ತಡಕಾಡಲಿ, 1.05946ರ ಹತ್ತಿರ ಬರುತ್ತಾರೆ. ಏಳು ಸಲ ಗುಣಿಸಿದರೆ 359.6, ಪಂಚಮಕ್ಕೆ ಕೂದಲೆಳೆ ದೂರ. ನಾಲ್ಕು ಸಲ ಗುಣಿಸಿದರೆ 302.4. ಆದರೆ ತಂತಿಯ ಗಾಂಧಾರ 300.

ಆ 2.4ರ ವ್ಯತ್ಯಾಸ ಕೇಳುತ್ತದೆ. ಹಾರ್ಮೋನಿಯಂನ ಒಂದು ಕೀಗೆ ತಂತಿಯ ಸ ಸೇರುವಂತೆ ನೀರು ಹೊಂದಿಸಿ, ಕುದುರೆಯನ್ನು 48ಕ್ಕೆ ಇಟ್ಟು, ಹಾರ್ಮೋನಿಯಂನ ಗ ಜೊತೆಗೆ ಮೀಟಿ. ಸೆಕೆಂಡಿಗೆ ಎರಡು ಸಲಕ್ಕಿಂತ ತುಸು ಹೆಚ್ಚಾಗಿ ದನಿ ಅಲೆಯಾಡುತ್ತದೆ. ಅಲೆ ಕೇಳದಿದ್ದರೆ ಹಾರ್ಮೋನಿಯಂ ಗಟ್ಟಿಯಾಗಿದೆ, ಬೆಲ್ಲೋಸ್ ಮೆಲ್ಲಗೆ ಹಾಕಿ. ಅಲೆ ತೀರ ವೇಗವಾಗಿದ್ದರೆ ಸ ಸರಿಯಾಗಿ ಸೇರಿಲ್ಲ, ಅಲ್ಲಿಂದಲೇ ಮತ್ತೆ ಶುರುಮಾಡಿ.

ಸಮಯ ಉಳಿದರೆ ಕರ್ನಾಟಕ ಸಂಗೀತದ ಮೂಲ ರಾಗಗಳಾದ 72 ಮೇಳಕರ್ತದ ಲೆಕ್ಕ ಮಾಡಿಸಬಹುದು. ಸ ಮತ್ತು ಮ ನಡುವೆ ನಾಲ್ಕು ಸ್ಥಾನ, ಅದರಲ್ಲಿ ರಿ–ಗ ಎರಡನ್ನು ಆರಿಸುವ ಬಗೆ 6. ಪ ಮತ್ತು ಮೇಲಿನ ಸ ನಡುವೆಯೂ ಹಾಗೆಯೇ 6. ಮಧ್ಯಮ 2. 6 × 6 × 2 = 72. ಮಕ್ಕಳು ಮೂರು ರಿ, ಮೂರು ಗ ಎಂದು 9 ಬರೆಯುತ್ತಾರೆ. ಗಾಂಧಾರ ಯಾವಾಗಲೂ ರಿಷಭಕ್ಕಿಂತ ಮೇಲಿರಬೇಕು ಎಂದರೆ ಮೂರು ಜೋಡಿ ತಾವೇ ಬಿದ್ದುಹೋಗುತ್ತವೆ.

## ತೆಗೆದಿಡುವುದು

ಪಾಠ ಮುಗಿದ ದಿನವೇ ನೀರು ಚೆಲ್ಲಿ ಭಾರ ಇಳಿಸಿ. ಭಾರ ಹೊತ್ತೇ ಉಳಿದ ತಂತಿ ರಾತ್ರಿ ತುಂಡಾದರೆ ಕ್ಯಾನ್ ಒಡೆದು ನೆಲವೆಲ್ಲ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಗೆ ಉಕ್ಕಿನ ತಂತಿ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕಿದ ಜಾಗದಲ್ಲಿ ದಪ್ಪ ಬದಲಾಗಿ ಸ್ವರ ಒಡೆಯುತ್ತದೆ. ಬಟ್ಟೆಗೆ ಒಂದು ತೊಟ್ಟು ಎಣ್ಣೆ ಹಾಕಿ ತಂತಿಯುದ್ದಕ್ಕೂ ಒರೆಸಿ, ಅಂಗೈ ಅಗಲದ ಸುರುಳಿ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿಡಿ. ಹಲಗೆಯನ್ನು ಗೋಡೆಗೆ ಒರಗಿಸಬೇಡಿ, ಬಾಗುತ್ತದೆ. ಕಪಾಟಿನಲ್ಲಿ ಮಲಗಿಸಿ. ಮಕ್ಕಳು ಗುರುತು ಹಾಕಿದ ಬಿಳಿ ಪಟ್ಟಿಗಳನ್ನು ದಿನಾಂಕ ಬರೆದು ಅದರ ಮೇಲೆಯೇ ಇಡಿ. ಮುಂದಿನ ವರ್ಷದ ಗುಂಪಿನ ಗುರುತುಗಳನ್ನು ಅವುಗಳ ಪಕ್ಕಕ್ಕಿಟ್ಟು ನೋಡಬಹುದು.